ಬಿಡ್ತು ಅನ್ನದವಳು

ಮನೆಯಲ್ಲಿ ಕೂಸು ಹುಟ್ಟಿದರೆ ಮನೆಮಂದಿಗೆಲ್ಲ ಒಂದೊಂದು ಕೆಲಸ ಹಂಚಿಕೆಯಾಗುತ್ತದೆ. ಖಾನಾಪುರದ ಸಾತವ್ವನ ಮನೆಯಲ್ಲೂ ಆಯಿತು. ಮಗಳು ಅನುರಾಧಾ ಬೆಳಗಾವಿಯ ದವಾಖಾನೆಯಲ್ಲಿ ಹಡೆದು ತವರಿಗೆ ಬಂದ ದಿನವೇ ಸಾತವ್ವ ನಡುಮನೆಯಲ್ಲಿ ನಿಂತು ಎಲ್ಲವನ್ನೂ ಇತ್ಯರ್ಥ ಮಾಡಿಬಿಟ್ಟಳು. ಬಾಣಂತಿಗೂ ಕೂಸಿಗೂ ನೀರು ಹಾಕುವುದು ತಾನು. ಎಣ್ಣೆ ಹಚ್ಚಿ ತಿಕ್ಕುವುದು ಬಾಜೂ ಮನೆಯ ಮಾಯಕ್ಕ. ಬಟ್ಟೆ ಒಗೆಯುವುದಕ್ಕೆ ಒಬ್ಬ ಕೆಲಸದವಳು. ಸೊಸೆ ಪ್ರಮಿಳಾ, ಗಂಡ ಶಿವಲಿಂಗನ ಊಟವನ್ನು ಖಾನಾವಳಿಗೆ ಒಪ್ಪಿಸಿ, ತಾನೇ ಹೆಣೆದ ಕುಲಾವಿಗಳನ್ನು ಚೀಲದಲ್ಲಿಟ್ಟುಕೊಂಡು ಬೆಳಗಾವಿಯ ಟಿಳಕವಾಡಿಯಿಂದ ಬಸ್ಸು ಹಿಡಿದು ಬಂದಿದ್ದಳು. ಅವಳ ಪಾಲಿಗೆ ಬಂದದ್ದು ಗೋಡೆ.

"ನೀ ಗ್ವಾಡಿ ನೋಡ್ಕೊ. ನಿನ್ನ ಕೈ ಸ್ವಚ್ಛ ಐತಿ" ಎಂದಳು ಸಾತವ್ವ.

ಇದು ಹೊಗಳಿಕೆಯೆಂದು ನಂಬುವಷ್ಟು ಪ್ರಮಿಳಾ ದಡ್ಡಿಯಲ್ಲ. ಎರಡು ಸಲ ಬಸಿರು ನಿಂತು ಎರಡು ಸಲವೂ ಹೋದ ಹೆಣ್ಣು ಹಸಿಗೂಸಿನ ಹತ್ತಿರ ಸುಳಿಯಬಾರದು ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಸಾತವ್ವ ಕೆಟ್ಟವಳಾಗಿದ್ದರೆ ಒಂದು ಜಗಳವಾದರೂ ಆಡಿ ಹಗುರಾಗಬಹುದಿತ್ತು. ಅವಳು ಕೆಟ್ಟವಳಲ್ಲ. ಸೊಸೆಯ ತಾಟಿಗೆ ತುಪ್ಪ ಹೆಚ್ಚು ಹಾಕುವವಳು, ಎರಡನೆಯ ಸಲ ಬಸಿರು ಹೋದಾಗ ಬೆಳಗಾವಿಗೆ ಬಂದು ಅವಳ ಕಾಲು ಒತ್ತಿದವಳು. ಆದರೆ ಪ್ರಮಿಳಾ ಕೂಸಿನ ಕಡೆ ಕೈ ಚಾಚಿದಳೋ, ಅದೇ ಗಳಿಗೆಗೆ ಸಾತವ್ವನಿಗೆ ಎಲ್ಲೋ ಒಂದು ಕಲೆ ಕಾಣುತ್ತಿತ್ತು. ಸ್ವಿಚ್ಚಿನ ಹತ್ತಿರ ಬೆರಳಿನ ಗುರುತು, ಕಿಟಕಿಯ ಕೆಳಗೆ ಎಣ್ಣೆ ಜಿಡ್ಡು. ಪಾಪ, ಆ ಮುದುಕಿಯ ಕಣ್ಣು ಅಷ್ಟು ಚುರುಕು.

ಒಂದು ಮಾತನ್ನು ಮಾತ್ರ ಸಾತವ್ವ ತಾನಾಗಿಯೇ ಕೊಟ್ಟಿದ್ದಳು. ಹೆಸರಿಡುವ ದಿನ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಇಬ್ಬರು ಹೆಂಗಸರು ಆಚೆ ಈಚೆ ನಿಂತು, ಒಬ್ಬಳು ತೊಟ್ಟಿಲ ಮೇಲಿನಿಂದ ಕೊಟ್ಟು ಇನ್ನೊಬ್ಬಳು ಕೆಳಗಿನಿಂದ ದಾಟಿಸಿ, ಕೈಯಿಂದ ಕೈಗೆ ಆಡಿಸುತ್ತಾರಲ್ಲ, ಆ ಇಬ್ಬರಲ್ಲಿ ಒಬ್ಬಳು ಪ್ರಮಿಳಾ ಆಗಬಹುದು. ಗೋಡೆ ಅಷ್ಟರೊಳಗೆ ಸ್ವಚ್ಛವಾಗಲಿ, ಊರ ಹೆಂಗಸರೆಲ್ಲ ಬರುತ್ತಾರೆ. ಪ್ರಮಿಳಾ ಈ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ತುಂಬಿದ ಮನೆಯಲ್ಲಿ, ಎಲ್ಲರ ಕಣ್ಣೆದುರಿಗೆ, ಅತ್ತೆಯ ಕೈಯಿಂದಲೇ ಒಮ್ಮೆ ಕೂಸು ತನ್ನ ಕೈಗೆ ಬಂದರೆ, ಆಮೇಲೆ ಯಾರ ಬಾಯಿಗೂ ಬೀಗ ಹಾಕಬೇಕಾಗಿಲ್ಲ ಎಂದುಕೊಂಡಳು. ಅವಳಿಗೆ ಬೇಕಾದದ್ದು ಅಷ್ಟೇ. ಅದಕ್ಕಾಗಿ ಅವಳು ಊರಿನ ಗೋಡೆಗಳನ್ನೆಲ್ಲ ತೊಳೆಯಲು ತಯಾರಿದ್ದಳು.

ಬಾಣಂತಿ ಕೋಣೆಯ ಗೋಡೆ ನೋಡುವಂತಿರಲಿಲ್ಲ. ಹೊರಸಿನ ಕೆಳಗೆ ಬೆಳಗು ಬೈಗು ಶೇಗಡಿಯ ಬೆಂಕಿ. ಕುಳ್ಳಿನ ಕೆಂಡ, ಅದರ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ. ಹೋದ ದೀಪಾವಳಿಗೆ ಪೇಂಟರ್ ಗಜಾನನ ಹಚ್ಚಿದ ತಿಳಿಹಸಿರು ಆಯಿಲ್ ಪೇಂಟು ಹೊಗೆ ಕುಡಿದು ಕಪ್ಪಿಟ್ಟಿತ್ತು. ಅದರ ಮೇಲೆ ಅರಿಷಿಣದ ಕೈ, ಎಣ್ಣೆಯ ಕೈ.

ಟಿಳಕವಾಡಿಯಲ್ಲಿ ಅವರ ಬಾಡಿಗೆ ಮನೆಯ ಮಾಲಕಿ ಗೋಡೆಯ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಆಕೆಯ ಕಿರಿಕಿರಿಯಲ್ಲೇ ಪ್ರಮಿಳಾ ಈ ವಿದ್ಯೆ ಕಲಿತದ್ದು. ಮೊದಲು ಒಣ ಬಟ್ಟೆಯಿಂದ ಮೇಲಿನಿಂದ ಕೆಳಗೆ ಮಸಿ ಒರೆಸಬೇಕು, ಮಸಿಗೆ ನೀರು ತಾಗಿತೋ ಕೆಲಸ ಕೆಟ್ಟಿತು. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಚೂರೇ ಸೋಪಿನ ಪುಡಿ, ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಈಗ ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಶುರು ಮಾಡಿದರೆ ಹೊಲಸು ನೀರು ಇಳಿದು ಗೆರೆ ಬಿಟ್ಟುಹೋಗುತ್ತದೆ, ಆ ಗೆರೆ ಏನು ಮಾಡಿದರೂ ಹೋಗುವುದಿಲ್ಲ. ಜಿಡ್ಡಿಗೆ ಅಡುಗೆ ಸೋಡಾ ಕಲಸಿ ಹಚ್ಚಿ, ಉಜ್ಜದೆ ಸವರಬೇಕು. ಕೊನೆಗೆ ಬರೀ ನೀರಿನ ಬಟ್ಟೆ, ಅದರ ಹಿಂದೆಯೇ ಒಣ ಬಟ್ಟೆ. ಸ್ವಿಚ್ಚಿನ ಸುತ್ತ ಮೇನ್ ತೆಗೆದೇ ಕೈ ಇಡಬೇಕು. ಸೋಪಿನ ನೀರನ್ನು ಎಲ್ಲಕ್ಕಿಂತ ಮೊದಲು ಕಪಾಟಿನ ಹಿಂದೆ ಸವರಿ ನೋಡಬೇಕು, ಬಣ್ಣ ಬಟ್ಟೆಗೆ ಹತ್ತುವುದೋ ಇಲ್ಲವೋ ಅಂತ. ಹೀಗೆ ಮೂರು ಗೋಡೆ ನೆಟ್ಟಗಾದವು. ಮಾಯಕ್ಕ ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟಳು.

ನಾಲ್ಕನೆಯದು ನಡುಗೋಡೆ. ಅದರ ಆಚೆ ಬಚ್ಚಲು. ಅದೇ ಕೇಳಲಿಲ್ಲ.

ಮೂಲೆಯ ತೊಲೆಯ ಕೆಳಗಿನಿಂದ ಕಂದು ಬಣ್ಣದ ಗೆರೆಯೊಂದು ಇಳಿದಿತ್ತು. ಪ್ರಮಿಳಾ ಒರೆಸಿದಳು, ಹೋಯಿತು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಗೆರೆ ಅಲ್ಲೇ ಇತ್ತು, ಒಂದು ಗೇಣು ಉದ್ದವಾಗಿತ್ತು. ಮತ್ತೆ ಒರೆಸಿದಳು. ಮತ್ತೆ ಬಂತು. ಈ ಸಲ ಅದರ ಬಾಜೂಕ್ಕೆ ಪೇಂಟು ಬೊಬ್ಬೆಯಂತೆ ಉಬ್ಬಿತ್ತು. ಬೆರಳಿಟ್ಟು ಒತ್ತಿದಳು. ಒಳಗೆ ಮೆತ್ತಗಿತ್ತು. ಗೋಡೆ ಮೆತ್ತಗಿರಬಾರದು ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ, ಆದರೂ ಬೆರಳು ತಾನಾಗಿ ಹಿಂದೆ ಸರಿಯಿತು.

ಆ ಗೋಡೆ ಮಾವ ಮೈಲಾರಲಿಂಗನ ಅಪ್ಪನ ಕಾಲದ್ದು, ಹಸಿ ಇಟ್ಟಿಗೆ, ಮಣ್ಣು. ಮೇಲೆ ಸಿಮೆಂಟಿನ ತೆಳು ಗಿಲಾವು, ಅದರ ಮೇಲೆ ಬಣ್ಣ. ಬಾಣಂತಿ ಸ್ನಾನವೆಂದರೆ ಎರಡು ತಂಬಿಗೆ ನೀರಲ್ಲ. ಹಂಡೆಗಟ್ಟಲೆ ಕುದಿನೀರನ್ನು ಸಾತವ್ವ ಎತ್ತಿ ಎತ್ತಿ ಎರಚುತ್ತಿದ್ದಳು, ಮಗಳ ಬೆನ್ನಿಗೆ ತಾಗಿದ್ದಕ್ಕಿಂತ ಹೆಚ್ಚು ನೀರು ಗೋಡೆಗೆ. ಆಚೆಯಿಂದ ಗೋಡೆ ಕುಡಿಯುತ್ತಿತ್ತು. ಈಚೆ ಆಯಿಲ್ ಪೇಂಟು ಬಾಯಿ ಮುಚ್ಚಿ ಹಿಡಿದಿತ್ತು. ಇದನ್ನು ನೋಡಿ ಹೇಳಬೇಕಾದ ಮಾವ ಕುರಿಹಿಂಡಿನ ಹಿಂದೆ ಹೊಲ ಹೊಲ ತಿರುಗುತ್ತಿದ್ದ, ಸುಗ್ಗಿ ಮುಗಿಯದೆ ಮನೆ ಕಾಣುವವನಲ್ಲ.

ಕೊನೆಗೆ ಸಾತವ್ವನೇ ಗಜಾನನನಿಗೆ ಫೋನು ಮಾಡಿಸಿದಳು. ಅವನು ಬಂದದ್ದು ಸಾತವ್ವ ಪೇಟೆಗೆ ಹೋಗಿದ್ದ ಹೊತ್ತಿಗೆ. ಗೋವಾದಲ್ಲಿ ದೊಡ್ಡ ಕೆಲಸ ಹಿಡಿದಿದ್ದ, ಗಾಡಿಯ ಮೇಲೆ ಸಾಮಾನು ಕಟ್ಟಿಕೊಂಡೇ ಬಂದಿದ್ದ. ಗೋಡೆಗೆ ಕಿವಿ ಹಚ್ಚಿ ಬೆರಳಿನಿಂದ ಟಕಟಕ ಬಡಿದ. ಬಚ್ಚಲಿಗೆ ಹೋಗಿ ನೋಡಿದ, ತೊಲೆಯ ಮೂಲೆಯಲ್ಲಿ ಮೊಬೈಲಿನ ಬೆಳಕು ಬಿಟ್ಟು ನೋಡಿದ. ಹೊರಗೆ ಬಂದು ಗಾಡಿಗೆ ಕಿಕ್ ಹೊಡೆಯುತ್ತ ಹೇಳಿದ:

"ವಹಿನಿ, ಭಿಂತೀಲಾ ತಡಾ ಆಹೇ. ಹಾತ್ ಲಾವೂ ನಕಾ. ಆಯೀಲಾ ಸಾಂಗಾ."

ಖಾನಾಪುರದ ಕೂಸುಕುನ್ನಿಗೂ ಮರಾಠಿ ಬರುತ್ತದೆ. ಸಾತವ್ವ ಕನ್ನಡದಲ್ಲಿ ಶುರು ಮಾಡಿದ ಬೈಗುಳವನ್ನು ಮರಾಠಿಯಲ್ಲಿ ಮುಗಿಸುವವಳು. ಆದರೆ ಪ್ರಮಿಳಾ ಸವದತ್ತಿ ಕಡೆಯವಳು. ಅವಳ ಮರಾಠಿಯೆಲ್ಲ ಟಿಳಕವಾಡಿಯ ಕಾಯಿಪಲ್ಯದವರ ಹತ್ತಿರ ಕಲಿತದ್ದು. ಗೋಡೆಗೆ ಭಿಂತ ಅನ್ನುತ್ತಾರೆಂದು ಗೊತ್ತು, ಹಾತ್ ಲಾವೂ ನಕಾ ಅಂದರೆ ಕೈ ಹಚ್ಚಬೇಡಿ, ಆಯೀಲಾ ಸಾಂಗಾ ಅಂದರೆ ಅತ್ತೆಗೆ ಹೇಳಿ ಎಂದು ಗೊತ್ತು. ತಡಾ ಮಾತ್ರ ಅವಳ ಕಿವಿಗೆ ಕನ್ನಡದ ತಡ ಎಂದೇ ಬಿತ್ತು. ಮರಾಠಿಯಲ್ಲಿ ತಡಾ ಅಂದರೆ ಬಿರುಕು. ಗೋಡೆ ಸೀಳಿದೆ ಎಂದು ಅವನು ಹೇಳಿ ಹೋದ, ಗೋಡೆಯ ಕೆಲಸ ತಡವಾಗುತ್ತದೆ ಎಂದು ಇವಳು ಕೇಳಿಸಿಕೊಂಡಳು.

ಅವನು ಹೇಳಿದ್ದನ್ನು ಹೇಳಿದಂತೆಯೇ ಅತ್ತೆಗೆ ಒಪ್ಪಿಸಿದ್ದರೆ ಸಾತವ್ವ ಆ ಗಳಿಗೆಗೇ ಹೊರಸು ಹೊರಗೆ ಹಾಕಿಸುತ್ತಿದ್ದಳು. ಪ್ರಮಿಳಾ ಜಾಣೆ, ಮರಾಠಿಯನ್ನು ಕನ್ನಡ ಮಾಡಿ ಒಪ್ಪಿಸಿದಳು. "ಅತ್ತಿ, ನಡಗ್ವಾಡಿದು ತಡ ಐತಂತ. ಅಲ್ಲೀತನಾ ಕೈ ಹಚ್ಚಬ್ಯಾಡ್ರಿ ಅಂದ."

ಸಾತವ್ವ ಮುಖ ಸಿಂಡರಿಸಿದಳು. ಗೋವಾದ ದೊಡ್ಡ ಕೆಲಸ ಸಿಕ್ಕಮೇಲೆ ನಮ್ಮಂಥವರ ಗೋಡೆ ಕಣ್ಣಿಗೆ ಬೀಳುತ್ತದೆಯೇ, ಅವನು ಬರುವತನಕ ತೊಟ್ಟಿಲು ಕಾಯುತ್ತದೆಯೇ ಎಂದು ವಟಗುಟ್ಟಿ, ನಾವೇ ಜೋರಾಗಿ ತೊಳೆಯೋಣ, ನೀರು ಕಂಜೂಸು ಮಾಡಬೇಡ ಅಂದಳು. ಹಿಂಡಿದ ಬಟ್ಟೆಯ ನಾಜೂಕು ಅಲ್ಲಿಗೆ ಮುಗಿಯಿತು. ಪ್ರಮಿಳಾ ಬಕೆಟ್ಟು ಬಕೆಟ್ಟು ನೀರು ಹಾಕಿದಳು. ಉಬ್ಬಿದ ಬೊಬ್ಬೆಯನ್ನು ಕೆರೆದು ಸೋಪಿನ ನೀರು ಬಿಟ್ಟು ತಿಕ್ಕಿದಳು. ಕೆಳಗೆ ಇಳಿದ ನೀರು ಕೆಂಪಗಿತ್ತು. ಹೊಗೆಯ ಮಸಿ ಕಪ್ಪಗಿರುತ್ತದಲ್ಲವೇ, ಇದೆಲ್ಲಿಯ ಕೆಂಪು ಎಂದು ಒಂದು ಕ್ಷಣ ಕೈ ತಡೆಯಿತು. ತೊಟ್ಟಿಲ ದಿನ ನೆನಪಾಗಿ ಮತ್ತೆ ತಿಕ್ಕಿದಳು.

ಮರುದಿನದಿಂದ ಕೋಣೆಯ ಬಾಗಿಲು ಹಿಡಿಯತೊಡಗಿತು. ಮೊದಲು ಒಂದು ಬೆರಳಿಗೆ ಸರಿಯುತ್ತಿದ್ದ ಬಾಗಿಲನ್ನು ಈಗ ಮೊಣಕಾಲು ಕೊಟ್ಟು ತಳ್ಳಬೇಕಾಯಿತು. ಥಂಡಿಗೆ ಕಟ್ಟಿಗೆ ಉಬ್ಬಿರಬೇಕು ಅಂದಳು ಸಾತವ್ವ. ಚಳಿಗಾಲದ ಒಣಗಾಳಿಗೆ ಕಟ್ಟಿಗೆ ಎಲ್ಲಿ ಉಬ್ಬೀತು? ಸಡಗರದ ಮನೆಯಲ್ಲಿ ಇಂಥ ಪ್ರಶ್ನೆ ಯಾರೂ ಕೇಳುವುದಿಲ್ಲ.

ಅದಕ್ಕೂ ಮರುದಿನ ಬೆಳಿಗ್ಗೆ ಒಂದು ಘಟನೆ ಆಯಿತು. ಕೂಸಿಗೆ ನೀರು ಹಾಕಲು ಎತ್ತಿಕೊಂಡ ಸಾತವ್ವ ಅಲ್ಲೇ ನಿಂತಳು. ಕೂಸಿನ ಹಣೆಯ ಮೇಲೆ ಚಿಟಿಕೆಯಷ್ಟು ಕೆಂಪು. ಕುಂಕುಮವಲ್ಲ, ಯಾವುದೋ ಮಣ್ಣು.

"ಯಾರು ಹಚ್ಯಾರ ಇದನ್ನ?"

ಕೇಳಿದ್ದು ಎಲ್ಲರನ್ನೂ, ನೋಡಿದ್ದು ಪ್ರಮಿಳಾಳನ್ನು. ಮಕ್ಕಳಾಗಲೆಂದು ಯಾರ್ಯಾರೋ ಹೇಳಿದ ಮಣ್ಣು, ಬೂದಿ, ತಾಯಿತವನ್ನು ಇನ್ನೊಬ್ಬರ ಕೂಸಿಗೆ ಕದ್ದು ಹಚ್ಚುವ ಹೆಂಗಸರ ಕತೆ ಆ ಓಣಿಯಲ್ಲಿ ಬೇಕಾದಷ್ಟಿವೆ. ಪ್ರಮಿಳಾ ತಾನು ಮುಟ್ಟಿಲ್ಲವೆಂದು ಶಿವಲಿಂಗನ ಆಣೆ ಮಾಡಿ ಹೇಳಿದಳು. ಸಾತವ್ವ ಸೆರಗಿನಿಂದ ಆ ಕೆಂಪನ್ನು ಒರೆಸಿದಳು. ಅವತ್ತಿನಿಂದ ರಾತ್ರಿ ಕೋಣೆಗೆ ಒಳಗಿನಿಂದ ಚಿಲಕ. ಪ್ರಮಿಳಾಳಿಗೆ ಆದ ಅವಮಾನ ಸಣ್ಣದಲ್ಲ. ಅಡುಗೆಮನೆಗೆ ಹೋಗಿ, ಒಗ್ಗರಣೆಯ ಹೊಗೆಯ ನೆಪದಲ್ಲಿ ಅತ್ತಳು. ಮೇಲೆ ತೊಲೆಯ ಸಂದಿಯಿಂದ ಮಣ್ಣು ಉದುರುತ್ತಿರಬಹುದು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಇಬ್ಬರೂ ನೋಡುತ್ತಿದ್ದುದು ಒಬ್ಬರನ್ನೊಬ್ಬರು, ಗೋಡೆಯನ್ನಲ್ಲ.

ಹೆಸರಿಡುವ ದಿನ ಬಂತು. ಗೋಡೆ ಸ್ವಚ್ಛವಾಗಿತ್ತು. ಕಲೆ ಇದ್ದಲ್ಲಿ ಪ್ರಮಿಳಾ ಮಾವಿನ ತೋರಣ ಇಳಿಬಿಟ್ಟು ಮುಚ್ಚಿದ್ದಳು. ಬಣ್ಣದ ತೊಟ್ಟಿಲು ತೊಲೆಯ ಕೊಂಡಿಗೆ ಸರಪಳಿಯಲ್ಲಿ ತೂಗಿತು. ಆ ತೊಲೆಯ ಒಂದು ತುದಿ ಕೂತಿದ್ದು ನಡುಗೋಡೆಯ ಮೇಲೆ. ಓಣಿಯ ಹೆಂಗಸರೆಲ್ಲ ಕೋಣೆಯಲ್ಲಿ ಕಿಕ್ಕಿರಿದರು. ಕೂಸಿನ ಸೋದರತ್ತೆ ಕಾಕತಿಯಿಂದ ಬಂದಿದ್ದಳು. ಅನುರಾಧಾ ಹೊಸ ಇಳಕಲ್ ಸೀರೆಯಲ್ಲಿ ಬೆವರುತ್ತ ಕೂತಿದ್ದಳು. ಸಾತವ್ವ ಕೊಟ್ಟ ಮಾತು ತಪ್ಪುವವಳಲ್ಲ. ಬಂದವರಿಗೆ ಚಹಾ ಕೊಟ್ಟು ಬೇಗ ಬಾ, ಕೂಸು ಹಿಡಿಯಲು ನೀನೇ ಬೇಕು ಎಂದು ಎಲ್ಲರೆದುರು ಹೇಳಿದಳು. ಪ್ರಮಿಳಾಳ ಎದೆ ತುಂಬಿ ಬಂತು. ಅತ್ತೆ ರಾತ್ರಿ ಬಾಗಿಲಿಗೆ ಚಿಲಕ ಹಾಕಿಕೊಳ್ಳುತ್ತಿದ್ದುದನ್ನೂ ಮರೆತಳು.

ಚಹಾದ ತಾಟು ಹಿಡಿದು ಮಾಯಕ್ಕನ ಮುಂದೆ ನಿಂತಾಗ, ಮಾಯಕ್ಕ ಒಂದು ಕಪ್ಪು ಎತ್ತಿ ಬೆಳಕಿಗೆ ಹಿಡಿದು ನೋಡಿ ಮತ್ತೆ ತಾಟಿಗಿಟ್ಟಳು. ಮನೆಮಾತು ಮರಾಠಿಯ ಹೆಂಗಸು, ಅವಸರಕ್ಕೆ ಬಾಯಿಗೆ ಬರುವುದು ಅದೇ. "ಹ್ಯಾಲಾ ತಡಾ ಗೇಲಾಯ ಗ. ದುಸರಾ ದೇ."

ಕಪ್ಪಿನ ಹಿಡಿಕೆಯಿಂದ ಅಂಚಿನವರೆಗೆ ಕೂದಲಿನಷ್ಟು ತೆಳುವಾದ ಕರಿಗೆರೆ.

"ಮಾವಶಿ, ತಡಾ ಅಂದ್ರ ಏನ್ರಿ?"

ಒಡದದ, ಸೀಳೇತಿ, ಬ್ಯಾರೇದು ಕೊಡು ಎಂದು ಮಾಯಕ್ಕ ನಕ್ಕು ಹೇಳಿದಳು. ಇಷ್ಟು ವರ್ಷವಾಯಿತು ಬೆಳಗಾವಿಯಲ್ಲಿ, ಇನ್ನೂ ಇಷ್ಟು ಮರಾಠಿ ಬರುವುದಿಲ್ಲವೇ ಎಂದು ಬಾಜೂದವಳಿಗೂ ಹೇಳಿ ನಗಿಸಿದಳು.

ಪ್ರಮಿಳಾಳಿಗೆ ಗಜಾನನನ ಮಾತು ನೆನಪಾಯಿತು. ಭಿಂತೀಲಾ ತಡಾ ಆಹೇ. ತಾಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ತೋರಣ ಸರಿಸಿದಳು. ಗೆರೆ ಈಗ ಗೆರೆಯಾಗಿರಲಿಲ್ಲ. ಅದರೊಳಗೆ ಕಿರುಬೆರಳು ಹೋಗುವಷ್ಟು ಕತ್ತಲೆ ಇತ್ತು. ತೊಟ್ಟಿಲಿನ ತೂಕ, ಒಂದು ಕೋಣೆ ಹೆಂಗಸರು, ಎರಡೂ ಕಡೆಯಿಂದ ತೊಯ್ದ ಮಣ್ಣು.

ಅವಳು ಸಾತವ್ವನ ಹತ್ತಿರ ನುಸುಳಿ ಕಿವಿಯಲ್ಲಿ, ಅತ್ತಿ, ಗ್ವಾಡಿ, ಎಂದಳು. ಸಾತವ್ವ ಗೋಡೆಯ ಮಾತು ಸಾಕು ಎನ್ನುವಂತೆ ಕೈ ಅಡ್ಡ ಮಾಡಿದಳು. ಹಾಡು ಶುರುವಾಗಿತ್ತು. ತೊಟ್ಟಿಲ ಮುಂದೆ ಬೀಳುವುದು, ಒಡೆಯುವುದು ಎಂಬ ಮಾತು ಯಾವ ಹೆಂಗಸಿನ ಬಾಯಿಂದಲೂ ಬರಬಾರದು. ಪ್ರಮಿಳಾಳ ಬಾಯಿಂದಂತೂ ಬರಲೇಬಾರದು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನಿದ್ದರೆ ಇನ್ನೊಂದು ಗಳಿಗೆಯಲ್ಲಿ ಅವಳು ಬಯಸಿದ್ದೆಲ್ಲ ಕೈಗೆ ಬರುತ್ತಿತ್ತು. ಇಷ್ಟು ದಿನ ನಿಂತ ಗೋಡೆ ಇನ್ನೊಂದು ಗಳಿಗೆ ನಿಲ್ಲಲಾರದೇ?

"ಬಾ ಪ್ರಮಿಳಾ. ಹಿಡಿ."

ತೊಟ್ಟಿಲ ಮೇಲಿನಿಂದ ಸಾತವ್ವ ಕೂಸನ್ನು ಚಾಚಿದಳು. ಪ್ರಮಿಳಾ ಹಿಡಿದಳು. ಬೆಚ್ಚಗಿತ್ತು, ಅವಳು ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು, ಎಣ್ಣೆ ಮತ್ತು ಲೋಬಾನದ ವಾಸನೆ. ತನ್ನ ಎರಡು ಹೋಗದೇ ಇದ್ದಿದ್ದರೆ ಹೀಗೆಯೇ ಇರುತ್ತಿದ್ದವು ಎಂದು ಅನ್ನಿಸಿತು. ಈಗ ತೊಟ್ಟಿಲ ಕೆಳಗಿನಿಂದ ದಾಟಿಸಿ ಅತ್ತೆಗೆ ಮರಳಿ ಕೊಡಬೇಕು.

ಕೂಸಿನ ಬಿಳಿ ಕುಲಾವಿಯ ಮೇಲೆ ಚಿಟಿಕೆ ಕೆಂಪು ಮಣ್ಣು ಉದುರಿತು.

ಪ್ರಮಿಳಾ ಬಗ್ಗಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡು ಹೆಂಗಸರ ನಡುವೆ ದಾರಿ ಮಾಡಿಕೊಂಡು, ಬಿಗಿದ ಬಾಗಿಲನ್ನು ಮೊಣಕಾಲಿನಿಂದ ನೂಕಿ ಅಂಗಳಕ್ಕೆ ನಡೆದುಬಿಟ್ಟಳು.

ಹಾಡು ನಿಂತಿತು. ಕೋಣೆಗೆ ಕೋಣೆಯೇ ಅವಳ ಹಿಂದೆ ಹೊರಗೆ ಬಂತು. ಬಂಜೆ ಕೂಸು ಕಸಿದುಕೊಂಡು ಓಡಿದಳು ಎಂದು ಯಾರೋ ಅಂದದ್ದು ಅವಳ ಕಿವಿಗೂ ಬಿತ್ತು. ಅನುರಾಧಾ ಬಾಣಂತಿಯೆಂಬುದನ್ನು ಮರೆತು ಓಡಿ ಬಂದಳು. ಸಾತವ್ವ ಬಂದವಳೇ ಕೂಸನ್ನು ಸೊಸೆಯ ಕೈಯಿಂದ ಕಿತ್ತುಕೊಂಡಳು.

"ಅತ್ತಿ, ಆ ಗ್ವಾಡಿ ಬೀಳತೈತಿ" ಎಂದಳು ಪ್ರಮಿಳಾ.

ತೊಟ್ಟಿಲ ದಿನ, ಕೂಸಿನ ಮುಂದೆ, ಅಂಥ ಮಾತು. ಬಾಯಿ ತಪ್ಪಿ ಅಶುಭ ಬಂದರೆ ಆಡಿದವರೇ ಅದನ್ನು ಬಿಡ್ತು ಅನ್ನಬೇಕು. ಹಾಗೆ ಅಂದರೆ ಆ ಮಾತು ಅಲ್ಲಿಗೇ ಬಿಟ್ಟುಹೋಗುತ್ತದೆ, ಯಾರ ಮೈಗೂ ಹತ್ತುವುದಿಲ್ಲ.

"ಬಿಡ್ತು ಅನ್ನು" ಎಂದಳು ಸಾತವ್ವ. ಮೆಲ್ಲಗೆ, ಬೇಡಿಕೊಳ್ಳುವವಳ ಹಾಗೆ. "ಕೈ ಮುಗೀತೀನಿ, ಬಿಡ್ತು ಅನ್ನು."

ಅಂದುಬಿಡಬಹುದಿತ್ತು. ಎರಡಕ್ಷರ. ಆದರೆ ಹಾಗಂದರೆ ಇವರೆಲ್ಲ ಸಮಾಧಾನಪಟ್ಟು ಮತ್ತೆ ಒಳಗೆ ಹೋಗುತ್ತಾರೆ, ಕೂಸನ್ನು ಮತ್ತೆ ಆ ತೊಟ್ಟಿಲಿಗೆ ಹಾಕುತ್ತಾರೆ. ಪ್ರಮಿಳಾ ತುಟಿ ಬಿಗಿಹಿಡಿದು ಬಾಗಿಲಿಗೆ ಅಡ್ಡ ನಿಂತಳು. ವೈನಿ, ಅಂದುಬಿಡು, ಎಂದು ಅನುರಾಧಾ ಅತ್ತಳು. ಮಾಯಕ್ಕ ಎರಡೂ ಭಾಷೆಯಲ್ಲಿ ಹೇಳಿದಳು. ಪ್ರಮಿಳಾ ತಲೆ ಅಲ್ಲಾಡಿಸಿದಳು, ಅಷ್ಟೇ.

ಒಳಗೆ ಸದ್ದಾಯಿತು. ದೊಡ್ಡ ಸದ್ದೇನಲ್ಲ. ಜೋಳದ ಚೀಲವನ್ನು ಯಾರೋ ಒಮ್ಮೆಲೇ ಸುರಿದ ಹಾಗೆ. ಆಮೇಲೆ ತೊಲೆ ಬಿದ್ದ ಸದ್ದು, ಸರಪಳಿಯ ಸದ್ದು. ಬಾಗಿಲಿನಿಂದ ಕೆಂಪು ಧೂಳು ಅಂಗಳಕ್ಕೆ ನುಗ್ಗಿ ಎಲ್ಲರ ಸೀರೆಯ ಮೇಲೆ ಕೂತಿತು. ಎಲ್ಲರೂ ಒಬ್ಬರನ್ನೊಬ್ಬರು ಎಣಿಸಿಕೊಂಡರು. ಎಲ್ಲರೂ ಇದ್ದರು. ಕೂಸು ಕೆಮ್ಮಿ ಅಳತೊಡಗಿತು.

ಕೂಸು ಉಳಿಯಿತು. ಈಗ ಅತ್ತೆ ತನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದು ಪ್ರಮಿಳಾ ನಿಜವಾಗಿಯೂ ತಿಳಿದಿದ್ದಳು.

ಸಾತವ್ವ ಧೂಳನ್ನು ನೋಡಿದಳು. ಸೊಸೆಯನ್ನು ನೋಡಿದಳು. ಮೆಲ್ಲಗೆ ಸೆರಗು ಎಳೆದು ಕೂಸಿನ ಮುಖ ಮುಚ್ಚಿದಳು.

"ಬಿಡ್ತು ಅಂದಿದ್ರ ನಿಲ್ಲತಿತ್ತು" ಎಂದಳು.

ಹೆಂಗಸರು ಹೌದೆನ್ನುವಂತೆ ತಲೆ ಹಾಕಿದರು. ಸೋದರತ್ತೆ ಎರಡು ಹೆಜ್ಜೆ ಹಿಂದೆ ಸರಿದಳು. ಅದು ಬಿರುಕು ಬಿಟ್ಟಿತ್ತು, ಗಜಾನನ ಮೊದಲೇ ಹೇಳಿದ್ದ ಎಂಬ ಮಾತು ಪ್ರಮಿಳಾಳ ನಾಲಿಗೆಯ ತುದಿಗೆ ಬಂತು. ಬಂದದ್ದು ಅಲ್ಲೇ ನಿಂತಿತು. ಹೇಳಿದ್ದನೇ, ಯಾರಿಗೆ ಹೇಳಿದ್ದ, ನಿನಗೇ ಹೇಳಿದ್ದನಲ್ಲ, ಗೊತ್ತಿದ್ದೂ ಇಷ್ಟು ದಿನ ಕೂಸನ್ನು ಅಲ್ಲೇ ಮಲಗಲು ಬಿಟ್ಟೆಯಾ ಎಂದು ಕೇಳುತ್ತಾರೆ. ತಡಾ ಮತ್ತು ತಡದ ಕತೆ ಹೇಳಿದರೆ ಅದನ್ನು ನಂಬುವವರು ಯಾರು? ಮತ್ತೆ, ಬಕೆಟ್ಟುಗಟ್ಟಲೆ ನೀರು ಹೊಯ್ದ ಕೈ ಅವಳದೇ.

ಮುಹೂರ್ತ ಮೀರಬಾರದು ಎಂದು ಮಾಯಕ್ಕನೇ ದಾರಿ ತೋರಿಸಿದಳು. ಅವಳ ಮನೆಯಲ್ಲಿ ಮೊಮ್ಮಗನ ತೊಟ್ಟಿಲು ಇದೆ, ಅಲ್ಲೇ ಮುಗಿಸೋಣ. ಹೆಂಗಸರು ಸೀರೆ ಝಾಡಿಸಿಕೊಂಡು ಹೊರಟರು. ಅನುರಾಧಾ ಗೇಟಿನ ಹತ್ತಿರ ನಿಂತು ತಿರುಗಿ ನೋಡಿದಳು, ವೈನಿ ಎನ್ನಲು ಬಾಯಿ ತೆರೆದಳು. ತಾಯಿ ಕರೆದಳು, ಹೋದಳು. ಕೊನೆಗೆ ಹೋದವಳು ಸಾತವ್ವ. ಹೋಗುವಾಗ ಗೇಟಿಗೆ ಹೊರಗಿನಿಂದ ಚಿಲಕ ಹಾಕಿದಳು. ಮರೆತು ಹಾಕಿದಳೋ ನೆನಪಿಟ್ಟು ಹಾಕಿದಳೋ ಅವಳಿಗೇ ಗೊತ್ತು.

ಪ್ರಮಿಳಾ ಅಂಗಳದಲ್ಲೇ ಕೂತಳು. ಸ್ವಲ್ಪ ಹೊತ್ತಿಗೆ ಬಾಜೂ ಮನೆಯಿಂದ ಹಾಡು ಕೇಳಿತು, ನಿಂತಿತು. ಈಗ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಾಳೆ, ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದಿದ ಸದ್ದು ಕೇಳಿತು, ನಗೆ ಕೇಳಿತು. ಹೆಸರು ಕಿವಿಯಲ್ಲಿ ಹೇಳುವಂಥದ್ದು. ಅದು ಗೋಡೆ ದಾಟಿ ಬರಲಿಲ್ಲ.